ಮೊದಲು ಮಣ್ಣು, ಆಮೇಲೆ ಗಿಡ, ಕೊನೆಗೆ ಮೀನು

ಒಣಬೇಸಾಯದ ರೈತ ಮನೆಯೊಳಗೆ ಗಾಜಿನ ತೊಟ್ಟಿ ಇಟ್ಟು ಮೀನು ಸಾಕುತ್ತಾನೆ ಅಂದರೆ ಓದುವವರಿಗೆ ನಗು ಬರಬಹುದು. ಕುಡಿಯೋ ನೀರಿಗೇ ಪರದಾಡುವ ಕಡೆ ಇದೇನು ಶೋಕಿ ಅಂತ ನಮ್ಮೂರ ಕಟ್ಟೆ ಮೇಲೂ ಮಾತಾಗಿದೆ. ಆ ಮಾತು ನ್ಯಾಯವಾದದ್ದೇ. ಅದಕ್ಕೇ ಮೊದಲು ನೀರಿನ ಲೆಕ್ಕ ಕೊಟ್ಟು ಆಮೇಲೆ ಮುಂದಿನ ವಿಷಯಕ್ಕೆ ಹೋಗುತ್ತೇನೆ.

ನೀರಿನ ಲೆಕ್ಕ

ನಮ್ಮದು ಚಿತ್ರದುರ್ಗ ಜಿಲ್ಲೆ. ಶೇಂಗಾ, ತೊಗರಿ, ಸಜ್ಜೆ ಬೆಳೆಯುವ ಮಳೆಯಾಶ್ರಿತ ಭೂಮಿ. ಮನೇಲಿರುವ ತೊಟ್ಟಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ್ದು. ಮಣ್ಣು, ಮರಳು ಹಾಕಿ ಮೇಲೆ ಒಂದೂವರೆ ಇಂಚು ಬಿಟ್ಟರೆ ಹಿಡಿಯೋದು ಸುಮಾರು 40 ಲೀಟರ್ ನೀರು. ಇದು ಒಂದು ಸಲ ತುಂಬುವ ನೀರು. ಆಮೇಲೆ ಹದಿನೈದು ದಿನಕ್ಕೊಮ್ಮೆ 10 ಲೀಟರ್ ತೆಗೆದು ಹೊಸದು ಹಾಕುತ್ತೇವೆ. ಆವಿಯಾಗಿ ಹೋದದ್ದನ್ನು ತುಂಬಲು ತಿಂಗಳಿಗೆ ಇನ್ನೊಂದು 10-15 ಲೀಟರ್. ಒಟ್ಟು ತಿಂಗಳಿಗೆ 35 ಲೀಟರ್ ಒಳಗೇ. ಹಾಲು ಕರೆಯೋ ಒಂದು ಹಸು ಇಷ್ಟು ನೀರನ್ನು ಒಂದೇ ದಿನದಲ್ಲಿ ಕುಡಿದುಬಿಡುತ್ತೆ.

ಹೊರಗೆ ತೆಗೆದ ನೀರೂ ದಂಡವಲ್ಲ. ಅದರಲ್ಲಿ ಮೀನಿನ ಗೊಬ್ಬರ ಕರಗಿರುತ್ತೆ. ಹಿತ್ತಲ ಕರಿಬೇವು, ಮೆಣಸಿನ ಗಿಡಕ್ಕೆ ಹಾಕಿದರೆ ಎಲೆ ಬಣ್ಣ ನೋಡಿಯೇ ಗೊತ್ತಾಗುತ್ತೆ. ಹೇಗೂ ಗಿಡಕ್ಕೆ ಹಾಕುವ ನೀರು, ಹದಿನೈದು ದಿನ ಮನೆಯೊಳಗೆ ತಂಗಿ ಹೋಗುತ್ತೆ ಅಷ್ಟೆ.

ಬಟ್ಟಲಲ್ಲಿ ಮೀನು ಯಾಕೆ ಸಾಯುತ್ತೆ?

ನನ್ನ ಮಗಳ ಮಗಳು ಎರಡು ಸಲ ಜಾತ್ರೆಯಿಂದ ಗುಂಡು ಬಟ್ಟಲಲ್ಲಿ ಬಂಗಾರದ ಬಣ್ಣದ ಮೀನು ತಂದಳು. ಒಂದು ಮೂರು ದಿನ ಬದುಕಿತು. ಇನ್ನೊಂದು ಐದು ದಿನ. ಎರಡನೇದು ಸತ್ತಾಗ ಮಗು "ನಾನು ಮುಟ್ಟಿದ್ದಕ್ಕೇ ಸತ್ತಿತಾ ತಾತಾ?" ಅಂತ ಕೇಳಿತು. ಮುಟ್ಟಿದ್ದಕ್ಕೆ ಸಾಯಲಿಲ್ಲ. ಮಾರಿದವರು ಹೇಳದೇ ಬಿಟ್ಟ ಒಂದು ಸಂಗತಿ ಇದೆ. ಅದು ಗೊತ್ತಾದರೆ ಉಳಿದದ್ದೆಲ್ಲ ಸಲೀಸು.

ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಬಿಡುತ್ತೆ. ತಿಂದು ಉಳಿದ ತೀನಿ ಕೊಳೆತರೂ ಅಮೋನಿಯಾ. ನಾವು ಹೊಲಕ್ಕೆ ಯೂರಿಯಾ ಹಾಕುತ್ತೇವಲ್ಲ, ಅದೂ ಮಣ್ಣಲ್ಲಿ ಮೊದಲು ಅಮೋನಿಯಾ ಆಗಿ, ಆಮೇಲೆ ಸೂಕ್ಷ್ಮಾಣುಗಳಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುತ್ತೆ. ತೊಟ್ಟಿಯಲ್ಲಿ ನಡೆಯೋದೂ ಇದೇ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯವಲ್ಲ.

ಈ ಕೆಲಸ ಮಾಡುವ ಸೂಕ್ಷ್ಮಾಣುಗಳು ಹೊಸ ಬಟ್ಟಲಲ್ಲಿ ಎಲ್ಲಿರುತ್ತವೆ? ಮಣ್ಣಿಲ್ಲ, ಗಿಡವಿಲ್ಲ, ಮೂರು ಲೀಟರ್ ನೀರು. ಎರಡು ದಿನದಲ್ಲಿ ಮೀನು ತನ್ನ ಗಲೀಜಲ್ಲೇ ಉಸಿರು ಕಟ್ಟುತ್ತೆ. ನಮ್ಮ ಕಡೆಯ ಬೋರಿನ ನೀರು ಗಡಸು, ಕ್ಷಾರದ ಗುಣ ಹೆಚ್ಚು. ಇಂಥ ನೀರಲ್ಲಿ ಅಮೋನಿಯಾದ ವಿಷ ಇನ್ನೂ ಜೋರು.

ಅಂಗಡಿಯವರು ಇದಕ್ಕೆ ಫಿಲ್ಟರ್, ಗಾಳಿ ಮೋಟಾರು, ಔಷಧಿ ಬಾಟಲಿ ಕೊಡುತ್ತಾರೆ. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ ಸೇರಿ ನಮಗೆ ನಾಲ್ಕು ಸಾವಿರದ ಮೇಲೆ ಹೇಳಿದರು. ಕರೆಂಟು ಹೋದರೆ ಅಷ್ಟೂ ನಿಂತುಹೋಗುತ್ತೆ. ನಮ್ಮ ಕಡೆ ಕರೆಂಟಿನ ಸಂಗತಿ ನಿಮಗೆ ಗೊತ್ತೇ ಇದೆ.

ಮೋಟಾರಿನ ಬದಲು ಮಣ್ಣು ಮತ್ತು ಗಿಡದ ಕೈಲಿ ಕೆಲಸ ಮಾಡಿಸುವ ದಾರಿ ಇದೆ. ಡಯಾನಾ ವಾಲ್‌ಸ್ಟಾಡ್ ಎಂಬ ಅಮೆರಿಕದ ಹೆಣ್ಣುಮಗಳು 1999ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನನ್ನ ತಮ್ಮನ ಮಗ ಕೃಷಿ ಡಿಪ್ಲೊಮಾ ಮಾಡಿದವನು, ಅವನು ಓದಿ ಹೇಳಿದ. ನಾನು ಏಳನೇ ಕ್ಲಾಸಿನವನು. ಆದರೆ ಕೇಳಿದಾಗ ಇದು ಬೇಸಾಯವೇ ಅನ್ನಿಸಿತು. ಹೊಲ ಹದ ಮಾಡದೆ ಬೀಜ ಬಿತ್ತುವವರುಂಟೇ? ಇಲ್ಲೂ ಹಾಗೇ. ಮೊದಲು ಮಣ್ಣು, ಆಮೇಲೆ ಗಿಡ, ಕೊನೆಗೆ ಮೀನು. ಈ ಸಾಲು ಒಂದು ನೆನಪಿದ್ದರೆ ಸಾಕು.

ತೊಟ್ಟಿ

ಪೇಟೆಯ ಗಾಜಿನ ಅಂಗಡಿಯಲ್ಲಿ ಕಿಟಕಿಗೆ ಗಾಜು ಕತ್ತರಿಸುವವರೇ ತೊಟ್ಟಿಯನ್ನೂ ಮಾಡಿಕೊಡುತ್ತಾರೆ. 2 ಅಡಿ ತೊಟ್ಟಿಗೆ 5 ಮಿಲಿಮೀಟರ್ ದಪ್ಪದ ಗಾಜು ಸಾಕು. ತಳ, ನಾಲ್ಕು ಗೋಡೆ ಸೇರಿ 8 ಚದರ ಅಡಿ ಗಾಜು ಬೇಕು. ಅಂಟಿಸಲು ಸಿಲಿಕೋನ್ ಗಮ್. ಬಚ್ಚಲುಮನೆಗೆ ಅಂತ ಬೂಷ್ಟು ಹಿಡಿಯದ ಗಮ್ ಸಿಗುತ್ತೆ, ಅದು ಬೇಡ. ಬೂಷ್ಟು ಸಾಯಲು ಸೇರಿಸಿದ ಔಷಧಿ ಮೀನಿಗೂ ಆಗೋದಿಲ್ಲ. ಅಕ್ವೇರಿಯಂ ಗಮ್ ಅಂತಲೇ ಕೇಳಿ.

ಅಂಟಿಸಿದ ಮೇಲೆ ಮೂರು ದಿನ ಒಣಗಲಿ. ಆಮೇಲೆ ಅಂಗಳದಲ್ಲೇ ನೀರು ತುಂಬಿ ಎರಡು ದಿನ ಇಡಿ. ಸೋರಿದರೆ ಅಲ್ಲೇ ಗೊತ್ತಾಗಲಿ.

ತುಂಬಿದ ತೊಟ್ಟಿ ಗಾಜು, ಮಣ್ಣು ಸೇರಿ 60 ಕೆಜಿ ಮೇಲೆ ತೂಗುತ್ತೆ. ಒಂದು ಸಲ ತುಂಬಿದರೆ ಎತ್ತುವ ಹಾಗಿಲ್ಲ. ಜಾಗ ಮೊದಲೇ ಆರಿಸಿ. ನಾವು ಪಡಸಾಲೆ ಮೂಲೆಯಲ್ಲಿ ಇಟ್ಟಿಗೆ ಕಟ್ಟಿ ಮೇಲೆ ಕಡಪಾ ಕಲ್ಲು ಹಾಕಿದ್ದೇವೆ. ಕಲ್ಲು ಮಟ್ಟವಾಗಿರಬೇಕು. ಕಲ್ಲಿಗೂ ಗಾಜಿಗೂ ನಡುವೆ ಅರ್ಧ ಇಂಚಿನ ಥರ್ಮಾಕೋಲ್ ಹಾಳೆ ಹಾಸಿ. ಒಂದು ಸಣ್ಣ ಹರಳು ಅಡಿಗೆ ಸಿಕ್ಕರೂ ಗಾಜು ಬಿರಿಯುತ್ತೆ. ನೇರ ಬಿಸಿಲು ಬೀಳುವ ಜಾಗ ಬೇಡ. ಬೆಳಗಿನ ಎಳೆ ಬಿಸಿಲು ಅರ್ಧ ಗಂಟೆ ಬಿದ್ದರೆ ತೊಂದರೆಯಿಲ್ಲ.

ಮಣ್ಣು

ಅಂಗಡಿಯಲ್ಲಿ ಅಕ್ವೇರಿಯಂ ಮಣ್ಣು ಅಂತ ಚೀಲದಲ್ಲಿ ಮಾರುತ್ತಾರೆ. ರೇಟು ಕೇಳಿದರೆ ರೈತ ನಗಬೇಕು. ಮಣ್ಣು ನಮ್ಮಲ್ಲಿದೆ.

ಕೆಮ್ಮಣ್ಣು ಒಳ್ಳೇದು. ಮೂರು ನಾಲ್ಕು ವರ್ಷ ಔಷಧಿ, ಗೊಬ್ಬರ ಬೀಳದ ಬದುವಿನ ಮಣ್ಣು ಅಥವಾ ಬೇಲಿ ಸಾಲಿನ ಮಣ್ಣು ತನ್ನಿ. ಜರಡಿ ಹಿಡಿದು ಕಲ್ಲು, ಬೇರು, ಕಸ ತೆಗೆಯಿರಿ. ಬಕೆಟ್ಟಿನಲ್ಲಿ ನೆನೆಸಿ, ತೇಲಿದ ಕಸ ಚೆಲ್ಲಿ, ನೀರು ಬಸಿದು ಬಿಸಿಲಲ್ಲಿ ಒಣಗಿಸಿ. ಹೀಗೆ ಮೂರು ಸಲ. ನೆನೆಸಿ ಒಣಗಿಸಿದಷ್ಟೂ ಮಣ್ಣೊಳಗಿನ ಹಸಿ ಕಸ ಕೊಳೆತು ಮುಗಿಯುತ್ತೆ. ಆಮೇಲೆ ತೊಟ್ಟಿಯೊಳಗೆ ಕೊಳೆಯೋದು ತಪ್ಪುತ್ತೆ.

ಎರೆ ಮಣ್ಣು ಬೇಡ. ನೀರಿಗೆ ಬಿದ್ದರೆ ಉಬ್ಬುತ್ತೆ, ಕದಡಿದರೆ ವಾರವಾದರೂ ತಿಳಿಯಾಗೋದಿಲ್ಲ. ಸುಣ್ಣದ ಹರಳೂ ಇರುತ್ತೆ. ಕೆರೆ ಗೋಡು ಹಾಕಬಹುದಾ ಅಂತ ಕೇಳಿದವರಿದ್ದಾರೆ. ಗೋಡು ಹೊಲಕ್ಕೆ ಬಂಗಾರ, ತೊಟ್ಟಿಗೆ ಅಲ್ಲ. ಸುತ್ತಲ ಹೊಲದ ಔಷಧಿಯೆಲ್ಲ ಹರಿದು ಹೋಗಿ ಕೂರೋದು ಅಲ್ಲೇ. ಸಗಣಿ ಗೊಬ್ಬರ, ಕುರಿ ಗೊಬ್ಬರ ಒಂದು ಹಿಡಿಯೂ ಬೇಡ. ನೀರಡಿಯಲ್ಲಿ ಅದು ಅಮೋನಿಯಾ ಕಾರ್ಖಾನೆ. ನಮ್ಮ ಕೈ ಸುಮ್ಮನಿರೋದಿಲ್ಲ, ಗೊಬ್ಬರ ಹಾಕಿದರೆ ಗಿಡ ಚೆನ್ನಾಗಿ ಬರುತ್ತೆ ಅನ್ನಿಸುತ್ತೆ. ಮೀನಿನ ಗೊಬ್ಬರವೇ ಮುಂದೆ ಸಾಕಾಗುತ್ತೆ.

ಮಣ್ಣು 1 ಇಂಚು ದಪ್ಪ ಸಾಕು. ನಮ್ಮ ಅಳತೆಯ ತೊಟ್ಟಿಗೆ 5 ಲೀಟರ್ ಹಿಡಿಸುವ ಸಣ್ಣ ಬಕೆಟ್ಟಿನಷ್ಟು. ನೀರು ಚಿಮುಕಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ ಸಮವಾಗಿ ಹರಡಿ.

ಮರಳು

ಮಣ್ಣಿನ ಮೇಲೆ ಹಳ್ಳದ ಮರಳು 1 ರಿಂದ ಒಂದೂಕಾಲು ಇಂಚು. ಇದು ಮಣ್ಣು ಕದಡದಂತೆ ಮುಚ್ಚಿಕೊಳ್ಳುವ ಹೊದಿಕೆ. ಬಕೆಟ್ಟಿನಲ್ಲಿ ಕೈಯಾಡಿಸಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಆ ನೀರೂ ಗಿಡಕ್ಕೆ ಹೋಗಲಿ. ಒಂದು ಚಮಚ ಮರಳಿಗೆ ನಿಂಬೆ ರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣದ ಅಂಶ ಇದೆ ಅಂತ ಅರ್ಥ. ಆ ಮರಳು ಬಿಟ್ಟು ಬೇರೆ ತನ್ನಿ, ನಮ್ಮ ನೀರಲ್ಲಿ ಸುಣ್ಣ ಈಗಾಗಲೇ ಸಾಕಷ್ಟಿದೆ. ಮರಳು ತೀರಾ ದಪ್ಪ ಹಾಕಿದರೆ ಕೆಳಗಿನ ಮಣ್ಣಿಗೆ ಉಸಿರಾಡಲು ಆಗದೆ ಕೊಳೆತ ಮೊಟ್ಟೆ ವಾಸನೆ ಬರುತ್ತೆ.

ಗಿಡ

2022ರ ಮಳೆಗೆ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತು. ಆ ವರ್ಷ ನಮ್ಮ ಸುತ್ತಿನ ಕೆರೆಗಳಿಗೂ ನೀರು ಬಂತು. ನೀರಿನ ಹಿಂದೆಯೇ ಜೊಂಡು, ಪಾಚಿ, ನೀರ ಗಿಡ ಎಲ್ಲ ಬಂದವು. ಅಲ್ಲಿಂದ ತಂದ ಗಿಡಗಳೇ ನಮ್ಮ ತೊಟ್ಟಿಯಲ್ಲಿ ಹೆಚ್ಚು. ನಮ್ಮಂಥವರಿಗೆ ಹೊಂದುವ ನಾಲ್ಕು ಗಿಡ ಹೇಳುತ್ತೇನೆ.

ವ್ಯಾಲಿಸ್ನೇರಿಯಾ: ಚಪ್ಪಟೆ ಪಟ್ಟಿಯಂಥ ಉದ್ದನೆಯ ಎಲೆ. ಗರಿಕೆ ಹಾಗೆ ಬುಡದಿಂದ ಬಳ್ಳಿ ಓಡಿಸಿ ಮರಿ ಹಾಕುತ್ತೆ. ಆರು ಸಸಿ ನೆಟ್ಟರೆ ನಾಲ್ಕು ತಿಂಗಳಲ್ಲಿ ಹಿಂಬದಿ ಪೂರಾ ತುಂಬಿಕೊಳ್ಳುತ್ತೆ. ಬೇರು ಮಾತ್ರ ಮರಳಲ್ಲಿರಲಿ, ಬುಡದ ಬಿಳಿ ಭಾಗ ಮೇಲೆ ಕಾಣಬೇಕು. ಹೂತರೆ ಕೊಳೆಯುತ್ತೆ.

ಹೈಡ್ರಿಲ್ಲಾ: ಕೆರೆಯಲ್ಲಿ ಬೇಕಾದಷ್ಟು. ಗೇಣುದ್ದ ತುಂಡು ಮಾಡಿ ಚುಚ್ಚಿದರೆ ಸಾಕು. ವಿಪರೀತ ಬೆಳೆಯುತ್ತೆ, ವಾರಕ್ಕೊಮ್ಮೆ ಕತ್ತರಿಸಬೇಕು.

ಸೆರಟೋಫಿಲಂ: ಇದಕ್ಕೆ ಬೇರೇ ಇಲ್ಲ. ನರಿ ಬಾಲದ ಹಾಗೆ ಪೊದೆ ಪೊದೆ. ನೀರಲ್ಲಿ ಸುಮ್ಮನೆ ಬಿಟ್ಟರೆ ಬೆಳೆಯುತ್ತೆ. ಮೀನಿನ ಮರಿಗಳಿಗೆ ಅಡಗುವ ತಾಣ.

ನೀರುಬ್ರಾಹ್ಮಿ: ಕೆರೆ ಅಂಚಿನ ತೇವದಲ್ಲಿ ಹಬ್ಬುವ ಗಿಡ. ನೀರೊಳಗೂ ನೆಟ್ಟಗೆ ಬೆಳೆಯುತ್ತೆ. ನಿಧಾನ, ಆದರೆ ಗಟ್ಟಿ.

ಇವು ನಾಲ್ಕೂ ನಮ್ಮ ನಾಡಿನವೇ. ಗಡಸು ನೀರಿಗೆ ಹೆದರುವವಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾಗಳಂತೂ ಗಡಸು ನೀರಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ತಮಗೆ ಬೇಕಾದ ಇಂಗಾಲ ಹೀರಿಕೊಳ್ಳಬಲ್ಲವು. ಎಲೆ ಮೇಲೆ ಬೆಳ್ಳಗೆ ಸುಣ್ಣ ಕೂತದ್ದು ಕಂಡರೆ ಅದು ಈ ಕೆಲಸದ ಗುರುತು, ರೋಗವಲ್ಲ. ಪೇಟೆಯವರು ಗಿಡಕ್ಕೆ ಗ್ಯಾಸ್ ಸಿಲಿಂಡರಿಂದ ಇಂಗಾಲಾಮ್ಲ ಕೊಡುತ್ತಾರೆ. ಈ ಗಿಡಗಳಿಗೆ ಅದು ಬೇಕಿಲ್ಲ.

ಕೆರೆಯಿಂದ ತಂದ ಗಿಡ ಸೀದಾ ಹಾಕಬೇಡಿ. ಜಿಗಣೆ, ಬಸವನಹುಳುವಿನ ಮೊಟ್ಟೆ, ಕೊಡತಿ ಹುಳುವಿನ ಮರಿ ಎಲ್ಲ ಜೊತೆಗೆ ಬರುತ್ತವೆ. ಕೊಡತಿ ಹುಳುವಿನ, ಅಂದರೆ ಮಳೆಗಾಲದಲ್ಲಿ ಹೊಲದ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಯ ಮರಿ ನೀರಲ್ಲೇ ಬೆಳೆದು ಮೀನಿನ ಮರಿ ಹಿಡಿದು ತಿನ್ನುತ್ತೆ. ಗಿಡಗಳನ್ನು ತೊಳೆದು, ಪೊಟ್ಯಾಸಿಯಂ ಪರ್ಮಾಂಗನೇಟನ್ನು ತಿಳಿ ಗುಲಾಬಿ ಬಣ್ಣ ಬರುವಷ್ಟು ಕರಗಿಸಿದ ನೀರಲ್ಲಿ ಹತ್ತು ನಿಮಿಷ ಅದ್ದಿ, ಮತ್ತೆ ತೊಳೆದು, ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ. ಬಕೆಟ್ಟಿನ ಬಾಯಿಗೆ ತೆಳು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತೆ.

ಒಂದು ಮುಖ್ಯ ಮಾತು. ಮೊದಲ ದಿನವೇ ತುಂಬ ಗಿಡ ನೆಡಿ. ಮೇಲಿಂದ ನೋಡಿದರೆ ಮುಕ್ಕಾಲು ಭಾಗ ಮರಳು ಕಾಣಬಾರದು. ಖಾಲಿ ಬಿಟ್ಟ ಹೊಲದಲ್ಲಿ ಕಳೆ ಬರುವಂತೆ, ಖಾಲಿ ಬಿಟ್ಟ ತೊಟ್ಟಿಯಲ್ಲಿ ಪಾಚಿ ಬರುತ್ತೆ.

ನೆಟ್ಟ ಮೊದಲ ವಾರ ಎಲೆ ಹಳದಿಯಾಗಿ ಕೆಲವು ಕರಗುತ್ತವೆ. ಈರುಳ್ಳಿ ಸಸಿ ನಾಟಿ ಮಾಡಿದಾಗ ಬಾಡಿ ಆಮೇಲೆ ಚಿಗುರೋದಿಲ್ಲವೇ? ಹಾಗೆ. ಕೊಳೆತ ಎಲೆ ಮಾತ್ರ ತೆಗೆಯುತ್ತಿರಿ, ಗಿಡ ಕೀಳಬೇಡಿ.

ನೀರು ತುಂಬೋದು

ಮರಳಿನ ಮೇಲೆ ಒಂದು ಊಟದ ತಟ್ಟೆ ಇಟ್ಟು, ಅದರ ಮೇಲೆ ಚೊಂಬಿನಿಂದ ನಿಧಾನಕ್ಕೆ ಹುಯ್ಯಿರಿ. ಮಣ್ಣು ಕದಡೋದಿಲ್ಲ. ಅರ್ಧ ತುಂಬಿಸಿ ಗಿಡ ನೆಟ್ಟು, ಆಮೇಲೆ ಉಳಿದರ್ಧ.

ಪಂಚಾಯ್ತಿ ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಪೂರ್ತಿ ಇಟ್ಟು ಬಳಸಿ. ಬೋರಿನ ನೀರಾದರೆ ಅರ್ಧ ಬೋರಿನದು, ಅರ್ಧ ಹಿಡಿದಿಟ್ಟ ಮಳೆ ನೀರು ಸೇರಿಸಿದರೆ ಉತ್ತಮ.

ಆವಿಯಾದ ನೀರನ್ನು ತುಂಬುವಾಗ ಮಾತ್ರ ಆದಷ್ಟೂ ಮಳೆ ನೀರೇ ಬಳಸಿ. ನೀರು ಹಾರಿಹೋಗುತ್ತೆ, ಉಪ್ಪು ಉಳಿಯುತ್ತೆ. ಬೋರಿನ ನೀರನ್ನೇ ಹಾಕುತ್ತಾ ಹೋದರೆ ಉಪ್ಪಿನ ಮೇಲೆ ಉಪ್ಪು ಸೇರುತ್ತೆ. ಬೋರಿನ ಸವಳು ನೀರು ಕಟ್ಟಿ ಕಟ್ಟಿ ಹೊಲ ಚೌಳಾಗಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಜಿನ ಅಂಚಲ್ಲಿ ಬಿಳಿ ಗೆರೆ ಮೂಡುವುದೇ ಇದರ ಗುರುತು. ಮೇಲೆ ಒಂದು ಗಾಜಿನ ಮುಚ್ಚಳ ಅರ್ಧ ಇಂಚು ಸಂದು ಬಿಟ್ಟು ಇಟ್ಟರೆ ಆವಿಯಾಗೋದೂ ಕಮ್ಮಿ, ಮೀನು ನೆಗೆದು ಹೊರಗೆ ಬೀಳೋದೂ ತಪ್ಪುತ್ತೆ.

ಬೆಳಕು

9 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬು ಒಂದು. ಮೇಲೆ ತಗಡಿನ ಡಬ್ಬ ಕತ್ತರಿಸಿ ಮರೆ ಮಾಡಿದರೆ ಬೆಳಕು ಕೆಳಗೇ ಬೀಳುತ್ತೆ. ದಿನಕ್ಕೆ 8 ಗಂಟೆ ಸಾಕು. ತಿಂಗಳಿಗೆ ಎರಡು ಯೂನಿಟ್ಟಿಗಿಂತ ಸ್ವಲ್ಪ ಮೇಲೆ ಖರ್ಚಾಗುತ್ತೆ. ಹೋಲ್ಡರು, ವೈರು ನೀರಿಗೆ ತಾಗದ ಹಾಗೆ ಬಿಗಿಯಾಗಿ ಕಟ್ಟಿ. ತೊಟ್ಟಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ. ಮಕ್ಕಳಿಗೂ ಇದನ್ನು ಮೊದಲ ಪಾಠವಾಗಿ ಹೇಳಿಕೊಡಿ.

ನೀರು ಹಸಿರಾದರೆ, ಗಾಜಿಗೆ ಪಾಚಿ ಕಟ್ಟಿದರೆ ಬೆಳಕನ್ನು 6 ಗಂಟೆಗೆ ಇಳಿಸಿ. ಕರೆಂಟು ಒಂದೆರಡು ದಿನ ಇಲ್ಲದಿದ್ದರೂ ಚಿಂತೆಯಿಲ್ಲ. ಮೋಡದ ದಿನಕ್ಕೆ ಗಿಡ ಸಾಯೋದಿಲ್ಲ.

ಕಾಯೋದು

ಇಲ್ಲೇ ಹೆಚ್ಚಿನವರಿಗೆ ತಾಳ್ಮೆ ತಪ್ಪೋದು. ತೊಟ್ಟಿ ಸಿದ್ಧವಾಗಿದೆ, ನೀರು ತಿಳಿಯಾಗಿದೆ, ಮಕ್ಕಳು ಕಾಯುತ್ತಿವೆ, ಮೀನು ತಂದುಬಿಡೋಣ ಅನ್ನಿಸುತ್ತೆ. ಬೇಡ. 3 ರಿಂದ 4 ವಾರ ಬರೀ ಗಿಡ ಇರಲಿ.

ಈ ದಿನಗಳಲ್ಲಿ ಮಣ್ಣಿಂದ ಮೊದಲು ಸ್ವಲ್ಪ ಅಮೋನಿಯಾ ಬರುತ್ತೆ. ಗಿಡ ಅದನ್ನು ಹೀರಿಕೊಂಡು ಬೇರು ಬಿಡುತ್ತೆ. ಮಣ್ಣಲ್ಲಿದ್ದ ಸೂಕ್ಷ್ಮಾಣುಗಳು ಮರಳು, ಎಲೆ, ಗಾಜಿನ ಮೇಲೆಲ್ಲ ಹಬ್ಬುತ್ತವೆ. ಮಣ್ಣಿನಿಂದ ಗುಳ್ಳೆ ಬರುತ್ತೆ. ವಾರಕ್ಕೊಮ್ಮೆ ತೆಂಗಿನ ಗರಿಯ ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲಗೆ ಚುಚ್ಚಿ ಗಾಳಿ ಬಿಡಿಸಿ. ಮೊದಲ ಎರಡು ವಾರ, ವಾರಕ್ಕೆ ಎರಡು ಸಲ 10 ಲೀಟರ್ ನೀರು ಬದಲಿಸಿ. ಆಮೇಲೆ ಬೇಕಿಲ್ಲ.

ಹೊಸ ಚಿಗುರು ಬಂದಿರಬೇಕು, ನೀರಿಗೆ ಕೆಟ್ಟ ವಾಸನೆ ಇರಬಾರದು. ಗಿಡದ ಜೊತೆ ಬಂದ ಬಸವನಹುಳುಗಳು ಚುರುಕಾಗಿ ಓಡಾಡುತ್ತಿರಬೇಕು. ಅಷ್ಟಾದ ಮೇಲೆ ಎರಡೇ ಮೀನು ತಂದು ಬಿಡಿ. ಒಂದು ವಾರ ನೋಡಿ. ಆಮೇಲೆ ಉಳಿದವು.

ಮೀನು

ಗಪ್ಪಿ ಸಾಕು. ಇದು ದಕ್ಷಿಣ ಅಮೆರಿಕದ ಕಡೆಯ ಮೀನು. ಸೊಳ್ಳೆ ಮರಿ ತಿನ್ನುತ್ತೆ ಅಂತ ನೂರು ವರ್ಷದ ಹಿಂದೆಯೇ ನಮ್ಮ ದೇಶಕ್ಕೆ ತಂದರು. ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗೆ ಬಿಟ್ಟದ್ದನ್ನು ನೀವೂ ನೋಡಿರಬಹುದು. ಗಡಸು ನೀರು ಇದಕ್ಕೆ ಹಿತ, ಸೆಕೆಯನ್ನೂ ತಡೆಯುತ್ತೆ. ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತೆ, ಸುಮಾರು ತಿಂಗಳಿಗೊಮ್ಮೆ. ಮಕ್ಕಳಿಗೆ ಅದನ್ನು ನೋಡೋದೇ ಒಂದು ಹಬ್ಬ.

40 ಲೀಟರಿಗೆ 8 ಗಪ್ಪಿ ಸಾಕು. ಮರಿ ಬೇಡವಾದರೆ ಗಂಡುಗಳನ್ನೇ ತನ್ನಿ. ಬಾಲ ದೊಡ್ಡದು, ಬಣ್ಣ ಜಾಸ್ತಿ ಇರುವುದು ಗಂಡು.

ನಮ್ಮ ದೇಶದ್ದೇ ಮೀನು ಬೇಕೆಂದರೆ ಜೀಬ್ರಾ ಮೀನು ಇದೆ. ಮೈ ಮೇಲೆ ಉದ್ದುದ್ದ ನೀಲಿ ಪಟ್ಟೆ. ಗಟ್ಟಿ ಜಾತಿ. ಐದಾರು ಒಟ್ಟಿಗಿದ್ದರೆ ಚೆನ್ನಾಗಿರುತ್ತವೆ.

ಬಂಗಾರದ ಬಣ್ಣದ ಗೋಲ್ಡ್‌ಫಿಶ್ ಬೇಡ. ಅದು ಗೇಣುದ್ದ ಬೆಳೆಯುವ ಮೀನು, ಗಿಡ ತಿನ್ನುತ್ತೆ, ಕೀಳುತ್ತೆ. ಗಾಜು ನೆಕ್ಕಿ ಶುಚಿ ಮಾಡುತ್ತೆ ಅಂತ ಸಕ್ಕರ್ ಮೀನು ಮಾರುತ್ತಾರೆ. ಅದು ಒಂದಡಿ ಮೀರಿ ಬೆಳೆಯುತ್ತೆ. ಅದೂ ಬೇಡ.

ಅಂಗಡಿಯಿಂದ ತಂದ ಮೀನಿನ ಕವರನ್ನು ಬಿಚ್ಚದೆ ತೊಟ್ಟಿ ನೀರಲ್ಲಿ 20 ನಿಮಿಷ ತೇಲಿಬಿಡಿ. ಆಮೇಲೆ ಕವರ್ ಬಿಚ್ಚಿ ಐದೈದು ನಿಮಿಷಕ್ಕೆ ಒಂದೊಂದು ಲೋಟ ತೊಟ್ಟಿ ನೀರು ಹಾಕಿ. ಅರ್ಧ ಗಂಟೆಯ ಮೇಲೆ ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿ. ಅಂಗಡಿ ನೀರು ಒಳಗೆ ಹೋಗಬಾರದು.

ಬೆಳಗ್ಗೆ ಎದ್ದಾಗ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಮೀನು ಜಾಸ್ತಿಯಾಗಿದೆ ಅಂತ ಅರ್ಥ. ಹಗಲು ಗಿಡ ಆಮ್ಲಜನಕ ಬಿಡುತ್ತೆ, ರಾತ್ರಿ ಅದೂ ಉಸಿರಾಡಿ ಬಳಸುತ್ತೆ. ಬೆಳಗಿನ ಜಾವ ಆಮ್ಲಜನಕ ತೀರಾ ಕಮ್ಮಿ ಇರುತ್ತೆ. ಸಾಲು ಒತ್ತೊತ್ತಾದರೆ ತೊಗರಿ ಕಾಯಿ ಕಟ್ಟೋದಿಲ್ಲವಲ್ಲ, ಇದೂ ಅದೇ ಲೆಕ್ಕ.

ತೀನಿ

ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಂದು ದಿನ ಉಪವಾಸ. ಗಪ್ಪಿಯ ಹೊಟ್ಟೆ ಅದರ ಕಣ್ಣಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮಂಡಕ್ಕಿ, ಅನ್ನದ ಅಗುಳು, ಬಿಸ್ಕತ್ತು ಬೇಡ. ಬಂದ ನೆಂಟರ ಮಕ್ಕಳು ಮಂಡಕ್ಕಿ ಎರಚಿಯೇ ಎರಚುತ್ತಾರೆ, ಮುಚ್ಚಳ ಇರಲಿ.

ಕಲ್ಲುಬಾನಿ, ಡ್ರಮ್ಮಿನಲ್ಲಿ ಸೊಳ್ಳೆ ಮರಿ ಕಂಡರೆ ಜಾಲಿಸಿ ಹಾಕಿ, ಅದಕ್ಕಿಂತ ಒಳ್ಳೆ ತೀನಿ ಇಲ್ಲ. ತೀನಿಗಾಗಿಯೇ ನೀರು ನಿಲ್ಲಿಸಿ ಸೊಳ್ಳೆ ಬೆಳೆಸಬೇಡಿ. ಡೆಂಗಿ ಹರಡುವ ಸೊಳ್ಳೆ ಹುಟ್ಟೋದು ಇಂಥ ತಿಳಿ ನೀರಲ್ಲೇ. ಎರೆಗೊಬ್ಬರದ ಗುಂಡಿ ಇದ್ದರೆ ಒಂದು ಸಣ್ಣ ಎರೆಹುಳು ತೊಳೆದು, ಹೆಚ್ಚಿ ಹಾಕಬಹುದು.

ಕೈಯಲ್ಲಿ ಅಂಟಿದ ವಿಷ

ಇದು ಪೇಟೆಯವರಿಗಿಂತ ನಮಗೆ ಬೇಕಾದ ಮಾತು. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಮುಂತಾದ ಔಷಧಿಗಳು ಪೈರೆಥ್ರಾಯ್ಡ್ ಗುಂಪಿನವು. ಇವು ಮನುಷ್ಯನಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ವಿಷ. ಹೊಲದಲ್ಲಿ ಹೊಡೆದು ಬಂದು ಕೈ ಸರಿಯಾಗಿ ತೊಳೆಯದೆ ತೊಟ್ಟಿಗೆ ಅದ್ದಿದರೆ ಮೀನಿನ ಗತಿ ಮುಗಿದಂತೆ. ಮನೆಯೊಳಗೆ ಹಚ್ಚುವ ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್ ಕೂಡ ಸಾಮಾನ್ಯವಾಗಿ ಇದೇ ಕುಟುಂಬದ್ದು. ತೊಟ್ಟಿ ಇರುವ ಕೋಣೇಲಿ ಬೇಡ. ಮೈಲುತುತ್ತ ಅಂದರೆ ತಾಮ್ರ. ಅದೂ ಮೀನಿಗೆ, ಬಸವನಹುಳುವಿಗೆ ವಿಷ. ಔಷಧಿ ಕಲಸಿದ ಬಕೆಟ್ಟು ಎಷ್ಟು ತೊಳೆದರೂ ತೊಟ್ಟಿ ಕೆಲಸಕ್ಕೆ ಬೇಡ. ಇದಕ್ಕೇ ಅಂತ ಬೇರೆ ಬಕೆಟ್ಟು, ಬೇರೆ ಚೊಂಬು ಇಡಿ.

ನಮ್ಮ ಮನೇಲಿ ಈಗ ಔಷಧಿ ಹೊಡೆದ ದಿನ ಯಾರೂ ತೊಟ್ಟಿ ಮುಟ್ಟೋದಿಲ್ಲ. ಮೊಮ್ಮಗಳೇ ಕಾವಲು. "ತಾತಾ, ಮೀನಿಗೆ ಆಗದ ಕೈಯಲ್ಲಿ ನೀನು ರೊಟ್ಟಿ ತಿಂತೀಯಲ್ಲ" ಅಂತ ಒಂದು ದಿನ ಹೇಳಿತು. ಅವತ್ತಿಂದ ನಮ್ಮ ಅಂಗಳದಲ್ಲಿ ಸೋಪಿನ ಡಬ್ಬಿ ಕಾಯಂ ಆಗಿದೆ. ಹಳ್ಳದಲ್ಲಿ ಪಂಪು ತೊಳೆಯೋದನ್ನು ನಮ್ಮ ಓಣಿಯ ಇಬ್ಬರು ಹುಡುಗರು ಬಿಟ್ಟಿದ್ದಾರೆ. ನೂರು ಭಾಷಣದಲ್ಲಿ ಆಗದ್ದು ಎಂಟು ಮೀನಿನಿಂದ ಆಗಿದೆ.

ಬೇಸಿಗೆ, ಬರ

ಏಪ್ರಿಲ್-ಮೇ ತಿಂಗಳಲ್ಲಿ ನೀರು ಬಿಸಿಯಾಗುತ್ತೆ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ. ಮುಚ್ಚಳ ತೆಗೆದು ಮೇಲೆ ತೆಳು ಬಟ್ಟೆ ಕಟ್ಟಿ, ಮಧ್ಯಾಹ್ನ ಫ್ಯಾನಿನ ಗಾಳಿ ನೀರಿನ ಮೇಲೆ ಬೀಳುವಂತೆ ಮಾಡಿ. ಗೋಣಿಚೀಲ ಒದ್ದೆ ಮಾಡಿ ಹಿಂಬದಿ ಗಾಜಿಗೆ ಹಚ್ಚಿದರೂ ತಂಪು. ಬೆಳಕನ್ನು ಬೆಳಗ್ಗೆ, ಸಂಜೆ ಹೊತ್ತು ಮಾತ್ರ ಹಾಕಿ. ತೀನಿ ಅರ್ಧ ಮಾಡಿ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. 2024ರ ಬೇಸಿಗೆಗೆ ನಮ್ಮ ಓಣಿಗೆ ಟ್ಯಾಂಕರ್ ನೀರು. ಅಂಥ ಹೊತ್ತಲ್ಲಿ ಮೀನಿಗೆ ನೀರು ಬದಲಿಸೋದು ಹೇಗೆ? ನಾವು ಎರಡು ತಿಂಗಳು ಬದಲಿಸಲೇ ಇಲ್ಲ. ಬೇಸಿಗೆಗೆ ಮುಂಚೆಯೇ ನಾಲ್ಕು ಗಪ್ಪಿಯನ್ನು ನೆಂಟರ ಮನೆ ತೊಟ್ಟಿಗೆ ಕೊಟ್ಟಿದ್ದೆವು. ಉಳಿದ ನಾಲ್ಕಕ್ಕೆ ದಿನ ಬಿಟ್ಟು ದಿನ ತೀನಿ. ಆವಿಯಾದಷ್ಟು ಮಾತ್ರ, ದಿನಕ್ಕೆ ಒಂದು ಸಣ್ಣ ಚೊಂಬು, ಸೋಸಿಟ್ಟಿದ್ದ ಮಳೆ ನೀರು. ವ್ಯಾಲಿಸ್ನೇರಿಯಾ ಒತ್ತಾಗಿ ಬೆಳೆದಿತ್ತು, ಗಲೀಜನ್ನೆಲ್ಲ ಅದೇ ತಿಂದುಕೊಂಡಿತು. ನಾಲ್ಕೂ ಉಳಿದವು. ಬರೀ ಮೋಟಾರು ನಂಬಿದ ತೊಟ್ಟಿಯಲ್ಲಿ ಇದು ಆಗುತ್ತಿರಲಿಲ್ಲ. ಅದಕ್ಕೇ ಹೇಳೋದು, ಗಿಡ ಮೊದಲು ಅಂತ.

ಖರ್ಚು

ನಮಗೆ ತಗುಲಿದ್ದು ಹೀಗೆ. ನಿಮ್ಮ ಊರಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು.

ಗಾಜು, ಗಮ್, ಮಾಡಿದ ಕೂಲಿ: 1,050 ರೂ.
ಬಲ್ಬು, ಹೋಲ್ಡರು, ವೈರು: 180 ರೂ.
ಥರ್ಮಾಕೋಲ್: 30 ರೂ.
ಪರ್ಮಾಂಗನೇಟ್ ಪೊಟ್ಟಣ: 20 ರೂ.
ನೀರು ತೆಗೆಯಲು 5 ಅಡಿ ಪೈಪು: 40 ರೂ.
ಅಂಗಡಿಯಿಂದ ತಂದ ವ್ಯಾಲಿಸ್ನೇರಿಯಾ: 100 ರೂ.
ಗಪ್ಪಿ 8, ತಲಾ 15ರಂತೆ: 120 ರೂ.
ಒಟ್ಟು: 1,540 ರೂ.

ಮಣ್ಣು, ಮರಳು, ಉಳಿದ ಗಿಡಕ್ಕೆ ದುಡ್ಡಿಲ್ಲ. ಇಷ್ಟೂ ಕಷ್ಟ ಅನ್ನಿಸಿದರೆ ಗಾಜು ಬಿಟ್ಟುಬಿಡಿ. 40-50 ಲೀಟರಿನ ಹಳೇ ಪ್ಲಾಸ್ಟಿಕ್ ಟಬ್ಬಲ್ಲಿ ಇದೇ ಮಣ್ಣು, ಇದೇ ಗಿಡ ಹಾಕಿ ಜಗಲಿ ನೆರಳಲ್ಲಿಟ್ಟು ಮೇಲಿಂದ ನೋಡಬಹುದು. ಔಷಧಿ ಕಂಡ ಟಬ್ಬು ಆಗಬಾರದು. ಬೆಕ್ಕು, ಮಿಂಚುಳ್ಳಿ ಬರದಂತೆ ಮೇಲೊಂದು ಜಾಲರಿ ಬೇಕು. ಹೊಸ ಸಿಮೆಂಟ್ ತೊಟ್ಟಿ ಮಾತ್ರ ಸೀದಾ ಬಳಸಬೇಡಿ. ಸುಣ್ಣ ಬಿಡುತ್ತೆ. ತಿಂಗಳುಗಟ್ಟಲೆ ನೀರು ತುಂಬಿ, ಚೆಲ್ಲಿ ಹಳಸಬೇಕು.

ಕೆರೆಗೆ ಬಿಡಬೇಡಿ

ಗಪ್ಪಿ ಹೆಚ್ಚಾದವು, ಗಿಡ ಹೆಚ್ಚಾಯ್ತು, ಕೆರೆಗೆ ಬಿಟ್ಟರೆ ಪುಣ್ಯ ಅಂತ ಅಂದುಕೊಳ್ಳೋದು ಸಹಜ. ಅದು ಪುಣ್ಯವಲ್ಲ. ನೇರಳೆ ಹೂವಿನ ಜಲಕಳೆ ಐಕಾರ್ನಿಯಾ ದಕ್ಷಿಣ ಅಮೆರಿಕದಿಂದ ಚೆಂದದ ಹೂವಿನ ಗಿಡವಾಗಿಯೇ ಬಂದದ್ದು. ಇವತ್ತು ಎಷ್ಟು ಕೆರೆಗಳನ್ನು ನುಂಗಿದೆ ನೋಡಿ. ಗಾಜು ನೆಕ್ಕಲು ತಂದ ಸಕ್ಕರ್ ಮೀನು ದೊಡ್ಡದಾಯ್ತು ಅಂತ ಜನ ಕೆರೆ, ಹೊಳೆಗೆ ಬಿಟ್ಟರು. ಈಗ ಅದು ದೇಶದ ಹಲವು ಕಡೆ ದಂಡೆಯಲ್ಲಿ ಬಿಲ ಕೊರೆದು, ಬಲೆ ಹರಿದು ಮೀನುಗಾರರನ್ನು ಗೋಳಾಡಿಸುತ್ತಿದೆ. ಗಪ್ಪಿಯೂ ಹೊರಗಿನದೇ. ನಮ್ಮ ಕೆರೆಯ ಸಣ್ಣ ಮೀನಿನ ಪಾಲನ್ನು ಅದು ತಿನ್ನುತ್ತೆ.

ಹೆಚ್ಚಾದ ಗಿಡವನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ತಿಪ್ಪೆಗೆ ಹಾಕಿ, ಗೊಬ್ಬರವಾಗುತ್ತೆ. ಹೆಚ್ಚಾದ ಮೀನನ್ನು ಇನ್ನೊಂದು ಮನೆಗೆ ಕೊಡಿ. ಕೊಡುವಾಗ ಬರೀ ಮೀನು ಕೊಡಬೇಡಿ. ಒಂದು ಹಿಡಿ ಹಳೇ ಮರಳು, ಬೇರು ಸಮೇತ ನಾಲ್ಕು ವ್ಯಾಲಿಸ್ನೇರಿಯಾ ಮೊದಲು ಕೊಡಿ. ಅವು ಬೇರು ಬಿಟ್ಟ ಮೇಲೆ, ತಿಂಗಳು ಕಳೆದು ಬಂದರೆ ಮೀನು ಕೊಡುತ್ತೇನೆ ಅನ್ನಿ. ನಮ್ಮ ಮನೆಯಿಂದ ಹೀಗೆ ಐದು ಮನೆಗೆ ಹೋಗಿದೆ. ಐದೂ ನಡೆಯುತ್ತಿವೆ.